ಬಂಗಾರಿಯ ಹೊಟ್ಟೆ

ನಮ್ಮ ಮಾವ ಮಡಿವಾಳೆಪ್ಪನವರು ಊರಿಗೇ ದೊಡ್ಡ ಶಿವಭಕ್ತರು. ಮನೆಯಲ್ಲಿ ತತ್ತಿಯ ಹೆಸರೂ ಎತ್ತುವಂತಿರಲಿಲ್ಲ. ಅಂಥವರು ೧೯೮೪ರ ಶ್ರಾವಣದಲ್ಲಿ ಹುಬ್ಬಳ್ಳಿಯ ಹತ್ತಿ ದಲಾಲರೊಬ್ಬರ ಮನೆಯಲ್ಲಿ ಮೀನಿನ ಗಾಜಿನ ತೊಟ್ಟಿ ನೋಡಿ ಬಂದು, ನಮ್ಮೂರು ಯರಗುಪ್ಪಿಯಲ್ಲಿ ಯಾರ ಮನೆಯಲ್ಲೂ ಇಲ್ಲ ಎಂಬ ಒಂದೇ ಕಾರಣಕ್ಕೆ ಅಂಥದೇ ಒಂದನ್ನು ಪಡಸಾಲೆಗೆ ತಂದಿಟ್ಟರು. ಒಳಗೆ ಒಂದೇ ಮೀನು, ಬಂಗಾರದ ಬಣ್ಣದ್ದು. ಬಂಗಾರಿ ಎಂದೇ ಕರೆದೆವು.

ಅಂಗಡಿಯವನು ಕೊಟ್ಟ ಮೀನಿನ ಆಹಾರದ ಡಬ್ಬಿ ತೆರೆದ ಕೂಡಲೇ ಅತ್ತೆ ನೀಲಕ್ಕ ಮೂಗು ಮುಚ್ಚಿಕೊಂಡರು.

"ಒಣಮೀನಿನ ನಾತ! ತಿಪ್ಪಿಗೆ ಒಗೀರಿ ಇದನ್ನ. ನಮ್ಮ ಮನ್ಯಾಗಿರೂ ಮೀನು ನಾವು ಉಂಡಿದ್ದ ಉಣಬೇಕು."

ಅಂದಿನಿಂದ ಬಂಗಾರಿ ಶರಣೆಯಾದಳು. ಚುರಮರಿ, ಶ್ಯಾವಿಗೆ, ರೊಟ್ಟಿಯ ಚೂರು ಅವಳ ಊಟ. ಬಂದವರನ್ನು ಉಣ್ಣಿಸದೆ ಕಳಿಸದ ಮನೆ ನಮ್ಮದು; ಬಂದವರೂ ಮೀನಿಗೆ ಉಣ್ಣಿಸದೆ ಹೋಗುತ್ತಿರಲಿಲ್ಲ. ಸೋಮವಾರ ನಮಗೆಲ್ಲ ಒಪ್ಪತ್ತು, ಬಂಗಾರಿಗೆ ಅವತ್ತೂ ಎರಡು ಹೊತ್ತು ಅವಲಕ್ಕಿ.

ನನಗಂತೂ ಅವಳ ಮೇಲೆ ಜೀವ. ಸೊಸೆಯಾಗಿ ಬಂದು ಎರಡು ವರ್ಷವಾಗಿದ್ದರೂ, ನನ್ನನ್ನು ಕಂಡು ಓಡಿಬರುತ್ತಿದ್ದ ಪ್ರಾಣಿ ಆ ಮನೆಯಲ್ಲಿ ಅದೊಂದೇ. ಉಳಿದವರೆಲ್ಲ ಕೂಗುವವರು, ಓಡಬೇಕಾದವಳು ನಾನು. ಅಮಾವಾಸ್ಯೆಯ ಹೋಳಿಗೆಯಲ್ಲಿ ನನ್ನ ಪಾಲು ಮುರಿದು ಕದ್ದು ಅವಳಿಗೆ ಹಾಕುತ್ತಿದ್ದೆ.

ಏನೂ ಹಾಕದವನು ನಮ್ಮ ಎಮ್ಮೆ ನೋಡಿಕೊಳ್ಳುತ್ತಿದ್ದ ಮೈಲಾರಪ್ಪ ಒಬ್ಬನೇ. ಬೆಣ್ಣಿಹಳ್ಳದಲ್ಲಿ ಗಾಳ ಹಾಕಿ ಬೆಳೆದವನು. ಒಂದು ದಿನ ಹಾಲು ಕೊಡಲು ಬಂದವನು ತೊಟ್ಟಿಯ ಮುಂದೆ ಬಗ್ಗಿ ಬಹಳ ಹೊತ್ತು ನೋಡಿದ.

"ಸಾವಕಾರ್ರ, ಇದರ ಹೊಟ್ಟಿ ಉಬ್ಬೇತ್ರಿ. ನಾಕು ದಿನ ಏನೂ ಹಾಕಬ್ಯಾಡ್ರಿ."

"ನಮ್ಮ ಮನ್ಯಾಗ ಯಾರನ್ನೂ ಉಪಾಸ ಕೆಡವೂದಿಲ್ಲಲೇ," ಎಂದು ಮಾವ ನಕ್ಕರು.

ಮೂರನೆಯ ದಿನ ಬೆಳಿಗ್ಗೆ ಬಂಗಾರಿ ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದಳು. ನಾನು ಸೆರಗು ಬಾಯಿಗೊತ್ತಿಕೊಂಡು ಅತ್ತುಬಿಟ್ಟೆ. ಮಾವ ಪೂಜೆ ಬಿಟ್ಟು ಎದ್ದು ಬಂದರು. ಓಣಿಯ ಮಂದಿ ಸಾವಿನ ಮನೆಗೆ ಬಂದಂತೆ ಮಾತಾಡಿಸಲು ಬಂದರು. ಎಲ್ಲರಿಗೂ ಚಹಾ ಆಯಿತು, ಹಿಂದೆಯೇ ತನಿಖೆಯೂ ಶುರುವಾಯಿತು.

"ಆ ಮೈಲಾರಿ ಅಷ್ಟೊತ್ತು ನೋಡಿದ್ನಲ್ಲ," ಅಂದಳು ಬಾಜು ಮನೆಯ ಸಾವಂತ್ರೆವ್ವ. "ಮೀನ ತಿನ್ನೂ ಮನಶ್ಯಾ, ಅದೂ ಹೊಟ್ಟೀನ ನೋಡ್ಯಾನ. ಮಂದಿ ಕಣ್ಣಿಗೆ ಕಲ್ಲೂ ಸೀಳತೈತಿ, ಇದ್ಯಾವ ಲೆಕ್ಕ!"

ಮಾವನ ಹುಬ್ಬು ಗಂಟಾಯಿತು. "ನಾಳಿಂದ ಅವಗ ಬರಬ್ಯಾಡ ಅನ್ರಿ."

ಹನ್ನೆರಡು ವರ್ಷ ದುಡಿದ ಮನುಷ್ಯ. ನನ್ನ ಹೋಳಿಗೆಗೆ ಅವನ ಅನ್ನ ಹೋಗುವುದೇ? ಹಿರಿಯರ ಮುಂದೆ ಮೊದಲ ಸಲ ಬಾಯಿ ತೆರೆದೆ.

"ಅವಂದೇನೂ ತಪ್ಪಿಲ್ರಿ ಮಾವಾರ. ನಾನ ಮೊನ್ನಿ ಹೋಳಿಗಿ ಹಾಕೇನ್ರಿ. ಅದು ತಿಂದು ತಿಂದ ಸತ್ತೈತ್ರಿ."

ಬೈಗುಳಕ್ಕೆ ಕಾದು ನಿಂತೆ. ಆದರೆ ಅತ್ತೆಗೆ ಯಾವುದರಲ್ಲೂ ಸೊಸೆಗಿಂತ ಹಿಂದೆ ಬಿದ್ದು ಗೊತ್ತಿಲ್ಲ.

"ನೀ ಒಬ್ಬಾಕೀನ ಹಾಕೀಯೇನು? ನಾ ಶ್ಯಾವಿಗಿ ಹಾಕೇನಿ, ಅದೂ ತುಪ್ಪ ಬಿಟ್ಟು!"

ಸಾವಂತ್ರೆವ್ವ ತಾನು ಕರದಂಟು ಹಾಕಿದ್ದಾಗಿ ಹೇಳಿದಳು. ಪೂಜೆಯ ಬಾಳೆಹಣ್ಣು ದಿನಾ ತಮ್ಮದೇ ಎಂದು ಮಾವನೂ ಎದೆ ತಟ್ಟಿಕೊಂಡರು. ಎಲ್ಲರದೂ ಮುಗಿದ ಮೇಲೆ ಮಾವನ ತೀರ್ಪು ಬಂತು.

"ಇಷ್ಟು ಮಂದಿ ಇಷ್ಟು ಉಣಸೇವಿ ಅಂದಮ್ಯಾಲ ಅದು ಹಸದಂತೂ ಸತ್ತಿಲ್ಲ. ಅಂದ್ರ ದೃಷ್ಟೀನ ಆಗೇತಿ!"

ಎಲ್ಲರೂ ಹೌದ್ಹೌದೆಂದರು. ನನ್ನ ಸತ್ಯ ಮೈಲಾರಪ್ಪನ ಕೊರಳಿಗೇ ಉರುಲಾಯಿತು.

ಆದರೆ ಸತ್ತ ಮೀನನ್ನು ಮುಟ್ಟುವವರು ಯಾರು? ಶಿವಭಕ್ತರ ಮನೆಯಲ್ಲಿ ಒಂದು ಕೈಯೂ ಮುಂದೆ ಬರಲಿಲ್ಲ. ಕೆಲಸ ಬಿಡಿಸಿದವನನ್ನೇ ಕರೆಸಿದರು. ಮೈಲಾರಪ್ಪ ಬಂಗಾರಿಯನ್ನು ಬೊಗಸೆಯಲ್ಲಿ ಎತ್ತಿಕೊಂಡು ಹೊರಟ.

"ತಿಂದಗಿಂದೀ ಮತ್ತ!" ಎಂದಳು ಸಾವಂತ್ರೆವ್ವ.

"ಸತ್ತ ಮೀನ ನಾವು ತಿನ್ನೂದಿಲ್ಲ ಬೇ ಯವ್ವಾ," ಎಂದು ಹೇಳಿ, ಹಿತ್ತಿಲಲ್ಲಿ ಹೂಳಿ ಕೈ ತೊಳೆದುಕೊಂಡ. ಮುಂದೆಯೂ ಇಂಥ ಕೆಲಸಕ್ಕೆ ಆಳು ಬೇಕಾದೀತೆಂದು ಅವನ ಚಾಕರಿ ಉಳಿಯಿತು. ಪಡಸಾಲೆಗೆ ಮಾತ್ರ ಕಾಲಿಡಬಾರದು.

ಎಂಟು ದಿನಕ್ಕೆ ಹೊಸ ಮೀನು ಬಂತು. ಮತ್ತೆ ಹದಿನೈದು ದಿನಕ್ಕೆ ಅದರ ಹೊಟ್ಟೆಯೂ ದುಂಡಗಾದಂತೆ ಕಂಡಿತು. ಹೆದರಿ ಕೊಟ್ಟಿಗೆಗೆ ಓಡಿದೆ.

"ಮೈಲಾರಪ್ಪಣ್ಣ, ಯಾರೂ ಇಲ್ಲ. ಒಂದ ಸಲ ಬಂದು ನೋಡಪಾ."

ಎಮ್ಮೆ ಹಿಂಡುತ್ತಿದ್ದವನು ತಲೆ ಎತ್ತಲಿಲ್ಲ. "ನಾ ನೋಡೂದಿಲ್ರಿ ಅಕ್ಕಾರ. ನನ್ನ ಕಣ್ಣು ಕೆಟ್ಟದೈತಿ."

ಒಳಗಿಂದ ಅತ್ತೆ ನನ್ನನ್ನು ಕೂಗುತ್ತಿದ್ದರು. ಶ್ಯಾವಿಗೆ ಆರಿದೆಯಂತೆ, ಮೀನಿಗೆ ಹಾಕಬೇಕಂತೆ.