ಮೇಲಿನ ಮುಂದಿನ ಸೀಟು

ಉದಗೀರದ ಬಟ್ಟೆ ವ್ಯಾಪಾರಿ ವಿಶ್ವನಾಥಪ್ಪ ಒಂದು ವಾರದಿಂದ ಹೆಂಡತಿಯನ್ನು ಅಂಗಡಿಯ ಅಟ್ಟ ಹತ್ತಿಸುತ್ತಿದ್ದ. ಒಂದು ದಿನ ಸೀರೆ ಗಂಟು ನೋಡಿ ಬಾ ಎಂದ. ಮರುದಿನ ಇಲಿ ಬಂದಿವೆಯೋ ನೋಡು ಎಂದ. ಐವತ್ತು ದಾಟಿದ ಸುಗಂಧಾ ಮೊಣಕಾಲು ಹಿಡಿದುಕೊಂಡು ಒಂಬತ್ತು ಮೆಟ್ಟಿಲು ಹತ್ತುತ್ತಿದ್ದಳು, ಬೈಯುತ್ತ ಇಳಿಯುತ್ತಿದ್ದಳು.

"ನಿಮಗ ತಲಿ ಕೆಟ್ಟದೇನ್ರೀ? ಇಲಿ ಕಂಡರ ನಾ ಏನು ಅದರ ಕೂಡ ಮಾತಾಡಬೇಕಾ?"

ವಿಶ್ವನಾಥಪ್ಪ ನಗುತ್ತಿದ್ದ. ಒಂಬತ್ತು ಹತ್ತಿದವಳಿಗೆ ಬಸ್ಸಿನ ಮೆಟ್ಟಿಲು ಯಾವ ಲೆಕ್ಕ ಎಂಬುದು ಅವನ ಸಮಾಧಾನ.

ಇಂಥ ಹುಚ್ಚಾಟಕ್ಕೆ ಅವನಿಗೆ ಬಿಡುವು ಕೊಟ್ಟದ್ದು ಬರ. ಎರಡು ವರ್ಷ ಮಳೆ ಕೈಕೊಟ್ಟಿತ್ತು. ಟ್ಯಾಂಕರ್ ಬಂದರೆ ಊರಿಗೆ ಊರೇ ಕೊಡ ಹಿಡಿದು ಓಡುತ್ತಿತ್ತು. ಮದುವೆಗಳೆಲ್ಲ ಮುಂದಕ್ಕೆ ಹೋದ ಮೇಲೆ ಸೀರೆ ಕೇಳುವವರು ಯಾರು? ಗಾದಿಯ ಮೇಲೆ ನೊಣ ಹೊಡೆಯುತ್ತ ಕೂತವನಿಗೆ ಹಳೆಯ ತಪ್ಪೊಂದು ಮತ್ತೆ ಮತ್ತೆ ಕಣ್ಣಿಗೆ ಕಟ್ಟತೊಡಗಿತು.

ಆ ತಪ್ಪು ನಡೆದದ್ದೂ ಬರದಲ್ಲೇ, ಎಪ್ಪತ್ತೆರಡರಲ್ಲಿ. ಮದುವೆಯಾಗಿ ಆರು ತಿಂಗಳಾಗಿತ್ತು. ಖರೀದಿಗೆ ಹೈದರಾಬಾದಿಗೆ ಹೊರಟಾಗ ಹೊಸ ಹೆಂಡತಿಯನ್ನೂ ಕರೆದುಕೊಂಡು ಹೋಗಿದ್ದ. ಜೊತೆಗೆ ನಿಲಂಗಾದ ವ್ಯಾಪಾರಿ ಕಾಶೆಪ್ಪ. ಸಿಕಂದರಾಬಾದ್ ಸ್ಟೇಷನ್ನಿನ ಎದುರು ಅಫ್ಜಲಗಂಜಿಗೆ ಹೋಗುವ ಡಬಲ್ ಡೆಕ್ಕರ್ ಬಂದು ನಿಂತಿತು. ಮೇಲಿನ ಅಂತಸ್ತು ತುಂಬಿ ಹೋಗಿದೆ, ಕೆಳಗೆ ಕೂತುಕೊಳ್ಳಿ ಎಂದು ಕಂಡಕ್ಟರ್ ಕೂಗಿದ. ಸುಗಂಧಾ ಒಂದು ಕಾಲು ಒಳಗಿಟ್ಟವಳು ತಲೆಯೆತ್ತಿ ನೋಡಿ, ಹಿಂದಕ್ಕೆ ತೆಗೆದಳು.

"ನಾ ಒಲ್ಲೆ. ಮ್ಯಾಲ ಮಂದಿ ಕುಂತಾರ. ಅವರ ಚಪ್ಪಲಿ ಎಲ್ಲಾ ನನ್ನ ಕೊರಳಾಗಿನ ಲಿಂಗದ ಮ್ಯಾಲ ಬರ್ತಾವ."

ಕಾಶೆಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ವಿಶ್ವನಾಥಪ್ಪನ ಕೊರಳಲ್ಲೂ ಲಿಂಗವಿತ್ತು. ಆದರೆ ಅದು ವ್ಯಾಪಾರಿಯ ಲಿಂಗ, ಊರೂರು ತಿರುಗಿ ಎಲ್ಲಕ್ಕೂ ಒಗ್ಗಿಕೊಂಡಿತ್ತು. ಅವನಿಗೆ ಅವಮಾನವಾಯಿತು. ಬಸ್ಸು ಹೊರಟಿತು.

"ಹಂಗಾದರ ನೀ ಇಲ್ಲೇ ನಿಂದ್ರು!" ಎಂದು ಒದರಿ ಅವನು ಒಳಗೆ ಹಾರಿಕೊಂಡ. ಹದಿನೆಂಟರ ಹುಡುಗಿ, ಗುರುತಿಲ್ಲದ ಶಹರ, ಕೈಯಲ್ಲೊಂದು ಚೀಲ. ಸಂಜೆ ನಾಲ್ಕಕ್ಕೆ ವಾಪಸು ಬಂದಾಗ ಅವಳು ಅಲ್ಲೇ, ಸ್ಟಾಪಿನ ಕಂಬದ ಹತ್ತಿರ ಇದ್ದಳು. "ಬಂದ್ರೇನ್ರೀ?" ಎಂದಳು, ಅಷ್ಟೇ. ಬೈದಿದ್ದರೆ, ಅತ್ತಿದ್ದರೆ ಅವನು ಅವತ್ತೇ ಹಗುರಾಗುತ್ತಿದ್ದ. ಪುಣ್ಯಾತ್ಗಿತ್ತಿ ಆಮೇಲೂ ಒಂದು ದಿನ ಆ ಮಾತೆತ್ತಲಿಲ್ಲ. ಅವಳನ್ನು ಆ ಬಸ್ಸಿನ ಮೇಲಿನ ಮುಂದಿನ ಸೀಟಿನಲ್ಲಿ ಕೂರಿಸಿ, ಹುಸೇನ್ ಸಾಗರದ ನೀರು ತೋರಿಸಿ ತರಬೇಕು ಎಂದು ಅವನು ಪ್ರತಿ ವರ್ಷ ಅಂದುಕೊಂಡ. ಪ್ರತಿ ವರ್ಷ ಸೀಸನ್ ಬಂತು, ಮಕ್ಕಳ ಪರೀಕ್ಷೆ ಬಂತು, ತಾಯಿಯ ಬೇನೆ ಬಂತು. ಆಮೇಲೆ ಮಾಲು ಲಾರಿಯಲ್ಲಿ ಉದಗೀರಕ್ಕೇ ಬರತೊಡಗಿ ಅವನು ಹೈದರಾಬಾದಿಗೆ ಹೋಗುವುದೇ ನಿಂತಿತ್ತು.

ಈಗ ಹೊರಟರು. ಎಲ್ಲಿಗೆ ಎಂದಷ್ಟೇ ಹೇಳಿದ್ದ, ಯಾಕೆ ಎಂದು ಹೇಳಿರಲಿಲ್ಲ. ಅವತ್ತಿನಂತೆ ಟಾಂಗಾದಲ್ಲೇ ಸ್ಟೇಷನ್ನಿಗೆ ಹೋಗಬೇಕೆಂದು ಅವನಿಗೆ ಆಸೆ. ಆದರೆ ಉದಗೀರದ ಕೊನೆಯ ಟಾಂಗಾದವನು ಕುದುರೆಗೆ ನೀರು, ಹೊಟ್ಟು ಹೊಂದಿಸಲಾರದೆ ಅದನ್ನು ಮಾರಿ ಆರು ತಿಂಗಳಾಗಿತ್ತು. ಆಟೋದಲ್ಲಿ ಹೋದರು. ಇದೊಂದು ಹೋದರೆ ಹೋಗಲಿ, ಬಸ್ಸು ಇದೆಯಲ್ಲ ಎಂದುಕೊಂಡ.

ಸಿಕಂದರಾಬಾದಿನಲ್ಲಿ ಇಳಿದು ನೋಡಿದರೆ ಅವತ್ತು ಮೂಲೆಯಲ್ಲಿದ್ದ ಇರಾನಿ ಹೋಟೆಲು ಈಗ ಇರಲಿಲ್ಲ. ಆ ಜಾಗದಲ್ಲಿ ಗಾಜಿನ ಬಾಗಿಲಿನ ಬೂಟಿನ ಅಂಗಡಿ. ಅವರು ಸ್ಟಾಪಿನಲ್ಲಿ ನಿಂತರು. ಬಸ್ಸುಗಳು ಬಂದವು, ಹೋದವು. ಒಂದು ತಾಸಾಯಿತು.

"ಅಫ್ಜಲಗಂಜ್ ಗಾಡಿ ನಾಕು ಹೋದವು. ಯಾವುದಕ ಕಾಯಲಾಕತ್ತೀರಿ?" ಎಂದಳು ಸುಗಂಧಾ.

"ತಡಿ. ನಮ್ಮ ಗಾಡಿ ಬರ್ತದ."

ಇನ್ನೂ ಅರ್ಧ ತಾಸು ಕಾದು, ಸೀಟಿ ಹಿಡಿದು ನಿಂತಿದ್ದ ಬಸ್ಸಿನ ಸಿಬ್ಬಂದಿಯೊಬ್ಬನನ್ನು ಕೇಳಿದ. ಆ ಹುಡುಗ ಮುಖ ನೋಡಿ ನಕ್ಕ.

"ಡಬಲ್ ಡೆಕ್ಕರ್? ವೋ ತೋ ಬಂದ್ ಹೋಗಯಾ ಚಚಾ."

ನಿಂತೇ ಹೋಗಿದೆ! ವಿಶ್ವನಾಥಪ್ಪ ಅಲ್ಲೇ ಕಟ್ಟೆಯ ಮೇಲೆ ಕುಸಿದು ಕೂತ. ಮೂವತ್ತು ವರ್ಷ ಆ ಕೆಂಪು ಗಾಡಿಗಳು ಇದೇ ದಾರಿಯಲ್ಲಿ ಅವನಿಗಾಗಿ ತಿರುಗಾಡಿದ್ದವು, ಇವನೇ ಅವಳನ್ನು ಕರೆತಂದಿರಲಿಲ್ಲ. ಅವನಿಗೆ ಅಳು ಬಂತು. ಅಂಗಡಿಯ ಅಟ್ಟದಿಂದ ಹಿಡಿದು ಎಲ್ಲವನ್ನೂ ಹೇಳಿಬಿಟ್ಟ.

"ಆ ದಿನ ನಿನ್ನ ಇಲ್ಲಿ ನಿಲ್ಲಿಸಿ ಹೋದೆ. ಮ್ಯಾಲ ಕುಂದ್ರಸಬೇಕಂತ ಕರಕೊಂಡು ಬಂದಿದ್ದೆ. ಅದೂ ಆಗಲಿಲ್ಲ."

ಸುಗಂಧಾ ಅವನನ್ನೇ ನೋಡಿದಳು.

"ಅದಕ ಅಟ್ಟ ಹತ್ತಿಸಿದಿರೇನು?" ಎಂದಳು. ಆಮೇಲೆ ಮೆಲ್ಲಗೆ, "ನಾ ಕುಂತೀನಲ್ರೀ."

"ಏನು?"

"ನೀವು ಹೋದ ಹತ್ತು ಮಿನಿಟಿಗೆ ಇನ್ನೊಂದು ಗಾಡಿ ಬಂತು. ಮ್ಯಾಲ ಖಾಲಿ ಇತ್ತು. ಅತ್ತಿ ಸೆರಗಿಗಿ ಕಟ್ಟಿದ್ದ ಚಿಲ್ಲರ ಇತ್ತು. ಎಲ್ಲಾಕಿನ ಮುಂದಿನ ಸೀಟಿನ್ಯಾಗ ಕುಂತೆ. ಗಿಡದ ಟೊಂಗಿ ಗಾಜಿಗಿ ಬಡೀತಿದ್ದವು. ಕೆರಿ ಬಂತು ನೋಡ್ರೀ, ನಮ್ಮೂರಾಗ ಒಂದು ಕೊಡ ನೀರಿಗಿ ಜಗಳ, ಇಲ್ಲಿ ಕಣ್ಣು ಮುಟ್ಟೋತನಕ ನೀರು! ಕಡೀತನಕ ಹೋಗಿ, ಅದೇ ಗಾಡಿಯೊಳಗ ತಿರುಗಿ ಬಂದು ಈ ಕಂಬದ ಹಂತೇಕ ನಿಂತೆ."

"ಇಷ್ಟು ದಿನ ಯಾಕ ಹೇಳಲಿಲ್ಲ?"

"ನೀವು ಕೇಳಿದಿರೇನು? ನಿಂತೇ ಇದ್ದಳು ಅಂತ ನೀವೇ ಅಂದುಕೊಂಡ್ರಿ." ಮತ್ತೆ ಅಂದಳು: "ಬಾಜೂಕಿನ ಸೀಟಿನ ಮ್ಯಾಲ ಚೀಲ ಇಟ್ಟಿದ್ದೆ. ಯಾರಿಗೂ ಕುಂದ್ರಲಾಕ ಬಿಡಲಿಲ್ಲ. ಒಂದೊಂದು ಸ್ಟಾಪಿಗೂ ಕೆಳಗ ಬಗ್ಗಿ ನೋಡಿದೆ, ನೀವು ಕಂಡರ ಕರೀಬೇಕಂತ."

ಖರೀದಿಗೆ ಬಂದಾಗ ಎಷ್ಟೋ ಸಲ ವಿಶ್ವನಾಥಪ್ಪ ಆ ಗಾಡಿಯಲ್ಲಿ ಓಡಾಡಿದ್ದ. ಆದರೆ ಲಗುಬಗೆಯ ಮನುಷ್ಯ, ಬೇಗ ಇಳಿಯಬೇಕೆಂದು ಯಾವಾಗಲೂ ಕೆಳಗೆ, ಬಾಗಿಲ ಪಕ್ಕದಲ್ಲೇ ಕೂರುತ್ತಿದ್ದ. ಒಂದು ಸಲವೂ ಮೇಲೆ ಹತ್ತಿರಲಿಲ್ಲ.

ಮುಂದಿನ ಬಸ್ಸು ಬಂತು. ಸಾದಾ ಬಸ್ಸು, ಕಾಲಿಡಲು ಜಾಗವಿಲ್ಲದಷ್ಟು ಮಂದಿ. ಇಬ್ಬರೂ ಕಂಬಿ ಹಿಡಿದು ನಿಂತರು. ಹುಸೇನ್ ಸಾಗರದ ಏರಿ ಟ್ಯಾಂಕ್ ಬಂಡ್ ಬಂದಾಗ ಅವನು ಬಗ್ಗಿದ, ತುದಿಗಾಲ ಮೇಲೆ ನಿಂತ. ಕಂಡದ್ದು ಜನರ ಭುಜ, ಟಿಫಿನ್ ಚೀಲ, ಕಿಟಕಿಯ ಮೇಲಂಚಿನಲ್ಲಿ ಒಂದು ಗೇಣು ಬಿಳಿ ಆಕಾಶ.

"ಹ್ಯಾಂಗ ಕಾಣತಿತ್ತು ಸುಗಂಧಾ, ಆ ನೀರು?" ಎಂದು ಕೇಳಿದ.

ಅವಳು ಹೇಳಲು ಬಾಯಿ ತೆರೆದಳು. ಕೈಯನ್ನು ಅಷ್ಟಗಲ ಚಾಚಲು ನೋಡಿದಳು, ಗದ್ದಲದಲ್ಲಿ ಅದಕ್ಕೂ ಎಡೆಯಿರಲಿಲ್ಲ.

"ಅದು ಮ್ಯಾಲಿಂದ ನೋಡಬೇಕ್ರೀ," ಎಂದಳು.