ಹೊಗೆಯಿಲ್ಲದ ಕೆಂಡ

ಬಾಯ್ಲರಿಗೆ ಕಲ್ಲಿದ್ದಲು ಎಸೆಯುವವನನ್ನು ಕೂಲಿಗಳ ಇಡೀ ಲೈನುಮನೆ ಸಾಲು ಮಸಿಯಣ್ಣ ಎಂದೇ ಕರೆಯುತ್ತಿತ್ತು. ಬೂದಿಯ ಜೊತೆ ಅರೆಬೆಂದ ಇದ್ದಿಲನ್ನೂ ಕೆಳಗೆ ಎಳೆದುಬಿಡುವುದು ಅವನ ಕಳ್ಳತನ. ಕಾರ್ಖಾನೆಯ ಹಿಂದಿನ ಬೂದಿಗುಡ್ಡೆಯಲ್ಲಿ ಅದನ್ನು ಆಯ್ದುಕೊಳ್ಳುವ ಹೆಂಗಸರ ಒಲೆಗಳು ಉರಿಯುತ್ತಿದ್ದುದು ಆ ಕಳ್ಳತನದಿಂದಲೇ.

"ಲೋ ಮಸಿ, ಬೂದಿ ಕಪ್ಪಗಿದೆಯಲ್ಲೋ! ಕಲ್ಲಿದ್ದಲೇನು ನಿನ್ನ ಮಾವನ ಮನೇದಾ?" ಎಂದು ಮೇಸ್ತ್ರಿ ಕೂಗಾಡುತ್ತಿದ್ದ.

"ನೀವು ತರಿಸಿದ್ರಲ್ಲಿ ಅರ್ಧ ಮಣ್ಣು ಮೇಸ್ತ್ರಿ. ಮಣ್ಣು ಉರಿಸೋ ವಿದ್ಯೆ ನಂಗೆ ಬರಲ್ಲ."

ಆ ಚಳಿಗಾಲ ಬಾಣಂತಿ ಮಗಳು ಕೂಸಿನೊಡನೆ ಅವನ ಮನೆಯಲ್ಲಿದ್ದಳು. ಸೌದೆಯ ಹೊಗೆಗೆ ಕೂಸು ಕೆಮ್ಮಿ ಕೆಮ್ಮಿ ನೀಲಿಗಟ್ಟುತ್ತಿತ್ತು. ಹೊಗೆ ಸೋಕಿದರೆ ಮಗು ಉಳಿಯದು ಎಂದ ಡಾಕ್ಟರು, ಆ ಮನೆಯಲ್ಲಿ ಹೊಗೆ ಹೋಗಲು ದಾರಿ ಎಲ್ಲಿದೆ ಎಂದು ಕೇಳಲಿಲ್ಲ. ಮಸಿ ಹಾರಿಬರುತ್ತದೆಂದು ಜನ ದೂರಿದಾಗ ಕಂಪನಿ ತನ್ನ ಚಿಮಣಿಯನ್ನು ಮುಟ್ಟಿರಲಿಲ್ಲ. ಲೈನುಮನೆಗಳ ಕಿಟಕಿಗಳಿಗೆ ತಗಡು ಹೊಡೆಸಿತ್ತು.

ಒಂದು ಸಂಜೆ ಮಸಿಯಣ್ಣ ಒಳ್ಳೊಳ್ಳೆಯ ಇದ್ದಿಲನ್ನೇ ಆರಿಸಿ ಬಕೆಟ್ಟಿನಲ್ಲಿ ತಂದ.

"ಇದರ ಹೊಗೇನೆಲ್ಲ ಬಾಯ್ಲರೇ ಕುಡ್ಕೊಂಡಿದೆ ಕಣೆ. ಉಳ್ದಿರೋದು ಬರೀ ಕಾವು."

"ಮೊಮ್ಮಗಳಿಗೆ ಕರೀ ಬಂಗಾರ ತಂದ್ರು ನೋಡು ತಾತ!" ಎಂದು ನಗುತ್ತಲೇ ಹೆಂಡತಿ ಅಗ್ಗಿಷ್ಟಿಕೆ ಹೊತ್ತಿಸಿದಳು.

ಹೊಗೆಯ ಎಳೆಯೂ ಏಳಲಿಲ್ಲ. ಕೆಂಡದ ಮೇಲೆ ತಿಳಿನೀಲಿ ಜ್ವಾಲೆ ಆಡುತ್ತಿತ್ತು. ಕೂಸು ಕೆಮ್ಮಲಿಲ್ಲ.

"ಅಪ್ಪಾ, ಎಷ್ಟು ಹಾಯಾಗಿ ಮಲಗಿದಾಳೆ ನೋಡು," ಎಂದಳು ಮಗಳು. ಇದ್ದ ಒಂದು ಕೋಣೆಯನ್ನು ಅವಳಿಗೆ ಬಿಟ್ಟು ಗಂಡಹೆಂಡಿರು ಹೊರಗಿನ ಪಡಸಾಲೆಯಲ್ಲಿ ಮಲಗಿದರು. ಚಳಿ ನುಗ್ಗದಂತೆ ಮಗಳು ಒಳಗಿನಿಂದ ಬಾಗಿಲ ಸಂದಿಗೆ ಗೋಣಿ ತುರುಕಿಕೊಂಡಳು.

ಬೆಳಗ್ಗೆ ಬಾಗಿಲು ತಳ್ಳಿದಾಗ ಅಗ್ಗಿಷ್ಟಿಕೆ ಇನ್ನೂ ಬೆಚ್ಚಗಿತ್ತು. ಮಗಳೂ ಕೂಸೂ ತಣ್ಣಗಿದ್ದರು.

ವಿಚಾರಣೆಗೆ ಬಂದ ಕಾರ್ಖಾನೆಯ ಇಂಜಿನಿಯರ್ ಮೆಲುದನಿಯಲ್ಲಿ ವಿವರಿಸಿದ: "ಗಾಳಿ ಸಾಲದೆ ಇದ್ದಿಲು ಅರೆಬರೆ ಉರಿದ್ರೆ ವಿಷದ ಗ್ಯಾಸ್ ಹುಟ್ಟುತ್ತೆ. ಬಣ್ಣ ಇಲ್ಲ, ವಾಸನೆ ಇಲ್ಲ. ಅದಕ್ಕೇ ಅಲ್ವೇನಪ್ಪ, ಬಾಯ್ಲರ್ ಹತ್ರ ಗ್ಯಾಸ್ ತಿಳಿಸೋ ಕೆಂಪು ದೀಪ ಇಟ್ಟಿರೋದು?"

"ದೀಪ ಹತ್ತಿದ್ರೆ ಹೊರಗೆ ಓಡಿ ಅಂದ್ರಿ ಸಾರ್. ಅದು ಮನೇಲೂ ಹುಟ್ಟುತ್ತೆ ಅಂತ ಯಾಕೆ ಹೇಳ್ಲಿಲ್ಲ?"

"ಮನೆ ಕಾರ್ಖಾನೆ ಹೊಣೆಗೆ ಬರಲ್ಲ."

"ತಗಡು ಹೊಡೆಸೋವಾಗ ಬಂದಿತ್ತಲ್ಲ ಸಾರ್?"

ಇಂಜಿನಿಯರ್ ಚಿಮಣಿಯ ಕಡೆ ನೋಡಿದ. ಮುಗಿಲೆತ್ತರದ ಚಿಮಣಿ. ಯಜಮಾನರ ಬೆಂಕಿಗೆ ಉಸಿರಾಡಲು ಅಷ್ಟೆತ್ತರದ ದಾರಿ ಬೇಕು. ಮನುಷ್ಯರಿಗೆ ಬಾಗಿಲ ಸಂದಿ ಸಾಕು!

ಮರಳಿ ಕೆಲಸಕ್ಕೆ ಹೋದ ಮಸಿಯಣ್ಣ, ಇದ್ದಿಲಿನ ಒಂದು ಚೂರೂ ಉಳಿಯದಂತೆ ಕೆದಕಿ ಕೆದಕಿ ಉರಿಸಿದ. ಬೂದಿ ಬೆಳ್ಳಗೆ ಬಿತ್ತು.

"ಭೇಷ್! ಈಗ ಕೆಲಸ ಕಲಿತೆ," ಎಂದ ಮೇಸ್ತ್ರಿ.

ಬೂದಿಗುಡ್ಡೆಯಲ್ಲಿ ಬರಿಗೈಯಲ್ಲಿ ನಿಂತ ಹೆಂಗಸರಲ್ಲೊಬ್ಬಳು ಕೇಳಿದಳು: "ಅಣ್ಣಾ, ನಿನ್ನ ಮನೆ ಉರಿ ಆರ್ತು ಅಂತ ನಮ್ಮದನ್ನೂ ಆರಿಸ್ತೀಯಾ?"

ಮಸಿಯಣ್ಣ ಅವಳತ್ತ ತಿರುಗಿದ. "ಕೊಡ್ತೀನಿ ಕಣಮ್ಮಾ. ಮೊದಲು ಕಿಟಕಿ ತೆಗೀರಿ."

ಬೂದಿ ಎಳೆಯುವ ಕೊಕ್ಕೆಯನ್ನೇ ಹಿಡಿದು ಲೈನುಮನೆಗೆ ನಡೆದ. ಒಂದೊಂದು ಕಿಟಕಿಯ ತಗಡನ್ನೂ ಮೀಟಿ ಕಿತ್ತ. ಚಳಿ ನುಗ್ಗಿತು, ಮಸಿ ನುಗ್ಗಿತು, ಒಳಗಿನ ಮಕ್ಕಳು ಕೆಮ್ಮಿದವು. ಪ್ರತಿ ಕಿಟಕಿಯ ಮುಂದೆಯೂ ಆ ಕೆಮ್ಮು ಕಿವಿಗೆ ಬೀಳುವವರೆಗೆ ನಿಂತು, ಆಮೇಲೆ ಮುಂದಿನ ಮನೆಗೆ ಹೋದ.

ಕೊನೆಗೆ ತನ್ನ ಮನೆಯ ತಗಡನ್ನೂ ಕಿತ್ತ. ಅಲ್ಲಿಯೂ ನಿಂತ. ಹೆಂಡತಿ ಬಂದು ಕೈಯಿಂದ ಕೊಕ್ಕೆ ಬಿಡಿಸಿಕೊಳ್ಳುವವರೆಗೂ ನಿಂತೇ ಇದ್ದ.