ಕಪ್ಪು ಸೇನಾಪತಿಯ ಪಾರ್ಟು

ಇಪ್ಪತ್ತಾರು ವರ್ಷ ಬೇವುಕಟ್ಟೆಯಲ್ಲಿ ಬದುಕಿದರೂ ಚಲುವರಾಜುವನ್ನು ಅಲ್ಲಿ ಯಾರೂ ಹೆಸರು ಹಿಡಿದು ಕರೆದವರಲ್ಲ. 'ಬೆಳ್ಳೂರು' ಅಂತಲೇ ಕೂಗುವುದು. ನಾಗಮಂಗಲ ಕಡೆಯ ಬೆಳ್ಳೂರಿನಿಂದ ಪಾಂಡವಪುರ ಕಡೆಯ ಈ ಊರಿಗೆ ಬಸ್ಸು ಹತ್ತಿದರೆ ಒಂದೂವರೆ ಗಂಟೆ. ಆದರೆ ಅಲ್ಲಿ ಮಳೆ ನಂಬಿದ ರಾಗಿ ಹೊಲ, ಇಲ್ಲಿ ನಾಲೆ ನೀರಿನ ಕಬ್ಬಿನ ಗದ್ದೆ. ನಾಲೆ ಕೆಳಗೆ ಹುಟ್ಟಿದವರಿಗೆ ಮೇಲ್ಸೀಮೆಯವರೆಂದರೆ ಅರ್ಧ ಮನುಷ್ಯರು. ಜಾತಿ ಒಂದೇ, ದೇವರು ಒಂದೇ, ಉಣ್ಣುವ ಮುದ್ದೆಯೂ ಒಂದೇ; ಆದರೂ ಹಾಗೆ. ಅದರ ಮೇಲೆ ಇವನು ಕರ್ರಗಿನ ಆಸಾಮಿ, ಸಾಲದ್ದಕ್ಕೆ ಮನೆಯಳಿಯ. ಆಡಿಕೊಳ್ಳುವವರಿಗೆ ಇನ್ನೇನು ಬೇಕು?

ಮದುವೆಯ ಕಾಲಕ್ಕೆ ಬಾಮೈದ ಚಿಕ್ಕಸ್ವಾಮಿಗೆ ಆರು ವರ್ಷ. ಗದ್ದೆಗೆ ಗಂಡಾಳಿಲ್ಲ ಅಂತ ಮಾವ ಇವನನ್ನು ತಂದಿಟ್ಟುಕೊಂಡ. ಚಿಕ್ಕಸ್ವಾಮಿಯನ್ನು ಹೆಗಲ ಮೇಲೆ ಹೊತ್ತು ಸ್ಕೂಲಿಗೆ ಬಿಟ್ಟವನು, ಅವನ ಜ್ವರಕ್ಕೆ ಆಸ್ಪತ್ರೆಯಲ್ಲಿ ಕೂತವನು ಇವನೇ. ಮಾವ ತೀರಿಕೊಂಡ ಮೇಲೆ, ಮನೆಗೊಬ್ಬರಂತೆ ಕೂತು ಊರ ನ್ಯಾಯ ಹೇಳುವ ಅರಳಿಕಟ್ಟೆಯಲ್ಲಿ ಆ ಮನೆಯ ಜಾಗಕ್ಕೆ ಚಿಕ್ಕಸ್ವಾಮಿ ಹತ್ತಿ ಕೂತ. ಚಲುವರಾಜು ಕೆಳಗೆ ನಿಂತು ನ್ಯಾಯ ಕೇಳುವವನಾಗಿಯೇ ಉಳಿದ. ಒಂದು ಸಲ, ಒಂದೇ ಒಂದು ಸಲ ಆ ಕಟ್ಟೆಯ ಮೇಲೆ ಊರವನಾಗಿ ಕೂರಬೇಕು ಅನ್ನುವುದು ಅವನ ಹೊಟ್ಟೆಯೊಳಗಿನ ಆಸೆ.

ಅದಕ್ಕೆ ಒಂದು ದಾರಿಯಿತ್ತು. ಊರ ನಾಟಕದಲ್ಲಿ ಸೇನಾಪತಿಯ ಪಾರ್ಟು ಮಾಡಿದವನಿಗೆ ಯಜಮಾನ ಶಾಲು ಹೊದಿಸಿ, ಕೈ ಹಿಡಿದು ಕಟ್ಟೆ ಹತ್ತಿಸುವುದು ಅಲ್ಲಿನ ಕಟ್ಟಳೆ. ನಾಟಕ ಹಿಂದೆ ಆ ಊರಿನ ಮೇಷ್ಟ್ರೊಬ್ಬರು ಬರೆದದ್ದು. ದೂರ ದೇಶದ ಕಪ್ಪು ಸೇನಾಪತಿ ಕೋಟೆ ಉಳಿಸಿ ರಾಜನ ಮಗಳನ್ನು ಮದುವೆಯಾಗುತ್ತಾನೆ. ರಾಜಕುಮಾರ ತುಂಬಿದ ಸಭೆಯಲ್ಲಿ ಅವನ ಬಣ್ಣ, ಹುಟ್ಟು ಎತ್ತಿ ಹೀಯಾಳಿಸಿ ದ್ರೋಹಿ ಅನ್ನುತ್ತಾನೆ. ಯಾರೂ ತನ್ನ ಮಾತು ನಂಬದಿದ್ದಾಗ ಸೇನಾಪತಿ ಕಠಾರಿಯಿಂದ ತಿವಿದುಕೊಂಡು, ಹಿಡಿ ಮಣ್ಣನ್ನು ಎದೆಗೊತ್ತಿ 'ನಾನೂ ಈ ಮಣ್ಣಿನವನೇ' ಎಂದು ಸಾಯುತ್ತಾನೆ. ಪ್ರತಿ ವರ್ಷ ಆ ಹೊತ್ತಿಗೆ ಹೆಂಗಸರು ಸೆರಗು ಒದ್ದೆಯಾಗುವಷ್ಟು ಅಳುತ್ತಾರೆ. ಅತ್ತು ಮನೆಗೆ ಹೋಗುವ ದಾರಿಯಲ್ಲೇ ಇವನನ್ನು ಕಂಡು 'ಲೋ ಬೆಳ್ಳೂರು, ದನಕ್ಕೆ ಹುಲ್ಲಾಕಿದ್ಯಾ' ಅಂತಾರೆ. ಥೂ, ಅಂಥ ಕಣ್ಣೀರಿಗೆ.

ಈ ವರ್ಷ ಆ ಪಾರ್ಟು ಯಾರಿಗೂ ಬೇಡವಾಯಿತು. ಈಗ ನಾಟಕ ಮೊಬೈಲಿನಲ್ಲಿ ಲೈವ್ ಹೋಗುತ್ತದೆ. ಮಸಿ ಬಳಿದ ಮುಖ ಹೆಣ್ಣು ಕೊಡುವವರ ಕಣ್ಣಿಗೆ ಬಿದ್ದೀತು ಅಂತ ಹೈಕಳಿಗೆ ಭಯ. ಊರ ಯಜಮಾನ ನಂಜಪ್ಪ ಕಟ್ಟೆಯ ಮೇಲಿಂದ ಕೆಳಗೆ ನೋಡಿದ.

"ಬೆಳ್ಳೂರು, ನೀನೇ ಮಾಡ್ಬುಡ್ಲಾ. ನಿಂಗೆ ಬಣ್ಣದ ಖರ್ಚೂ ಇಲ್ಲ."

ಕಟ್ಟೆಗೆ ಕಟ್ಟೆಯೇ ನಕ್ಕಿತು. ಚಲುವರಾಜು ನಗಲಿಲ್ಲ. "ಶಾಲು ಒದಿಸ್ತೀರಾ?" ಅಂತಷ್ಟೇ ಕೇಳಿದ.

"ಒದಿಸ್ದೆ ಏನ್ಲಾ? ಮಾತು ತಪ್ಪಕ್ಕೆ ನಾನೇನ್ ನಿಮ್ಮೂರೋನಾ?"

ಮನೆಗೆ ಬಂದು ಹೇಳಿದರೆ ಹೆಂಡತಿ ಪ್ರೇಮಮ್ಮ, "ಇರೋ ಮರ್ವಾದೆನೂ ಕಳ್ಕೊಬ್ಯಾಡಿ," ಅಂದಳು. ಅವನು ಮೂರು ತಿಂಗಳು ಗಂಟಲು ಹರಿದುಕೊಂಡು ಕಲಿತ. ಕಬ್ಬಿಗೆ ನೀರು ಕಟ್ಟುತ್ತಲೇ ನಾಟಕದ ಕಂದಪದ್ಯ ಹಾಡಿದ, ಹಾಲು ಕರೆಯುತ್ತಲೇ ಸತ್ತ.

ರಾತ್ರಿ ಮೈಕಿಗೆ ಪೊಲೀಸರು ಒಪ್ಪದ್ದರಿಂದ ನಾಟಕ ಹಗಲಲ್ಲೇ ನಡೆಯಿತು. ಶಾಮಿಯಾನದ ಕೆಳಗೆ ಊರಿಗೆ ಊರೇ ಸೇರಿತ್ತು. ಅರ್ಧ ನಾಟಕದವರೆಗೂ ಚಲುವರಾಜುವಿನ ದನಿಗೆ ಜನ ಉಸಿರೆತ್ತಲಿಲ್ಲ. ಅದನ್ನು ಸಹಿಸದವನು ಚಿಕ್ಕಸ್ವಾಮಿ. ಅವನದು ರಾಜಕುಮಾರನ ಪಾರ್ಟು. ಸಭೆಯ ಸೀನು ಬಂದಾಗ ಬರೆದ ಮಾತು ಬಿಟ್ಟು ತನ್ನದೇ ಶುರುಮಾಡಿದ.

"ನೀರು ಕಾಣದ ಸೀಮೆಯ ಕರಿಮೋರೆಯವನೆ! ನಮ್ಮಪ್ಪನ ಅನ್ನಕ್ಕೆ ನಮ್ಮಕ್ಕನ ಸೆರಗು ಹಿಡ್ಕೊಂಡು ಬಂದವನೆ!"

ಶಿಳ್ಳೆ ಬಿದ್ದವು. "ಒನ್ಸ್ ಮೋರ್!" ಅಂತ ಹಿಂದಿನಿಂದ ಕೂಗು. ನಮ್ಮ ಕಡೆಯ ನಾಟಕದಲ್ಲಿ ಜನ ಒನ್ಸ್ ಮೋರ್ ಅಂದರೆ ಆಡಿದ್ದನ್ನು ಮತ್ತೆ ಆಡಲೇಬೇಕು. ಸತ್ತವನೂ ಎದ್ದು ಇನ್ನೊಮ್ಮೆ ಸಾಯಬೇಕು. ಹಾರ್ಮೋನಿಯಂ ಮೇಷ್ಟ್ರು ಸೀನು ತಿರುಗಿಸಿದರು. ಎರಡನೇ ಸಲ ನಂಜಪ್ಪನೇ ಕೈಯೆತ್ತಿ ಕೂಗಿದ. ಮೂರನೇ ಸಲ ಚಿಕ್ಕಸ್ವಾಮಿ 'ಬೆಳ್ಳೂರು' ಅಂತ ಮೈಕಿನಲ್ಲೇ ಕರೆದ. ಮೂರೂ ಸಲ ಚಲುವರಾಜು ಪಾರ್ಟಿನಲ್ಲಿದ್ದಂತೆ ತಲೆ ತಗ್ಗಿಸಿ ನಿಂತ. ಮುಂದಿನ ಸಾಲಿನಲ್ಲಿ ಪ್ರೇಮಮ್ಮ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದಳು. ಅದು ಅವನಿಗೆ ಕಾಣಿಸಿತು.

ಆಮೇಲೆ ಅವನು ಸತ್ತ. ಆ ಊರಿನಲ್ಲಿ ಹಾಗೆ ಯಾರೂ ಸತ್ತಿರಲಿಲ್ಲ. ಮಣ್ಣು ಎದೆಗೊತ್ತಿಕೊಂಡಾಗ ದನಿ ಒಡೆದದ್ದು ನಟನೆಯಲ್ಲ. ಅಂಗಾತ ಬಿದ್ದು ಕಣ್ಣು ಮುಚ್ಚಿ ಹೆಂಗಸರ ಅಳು ಬರಲೆಂದು ಕಾದ.

"ಒನ್ಸ್ ಮೋರ್! ಇನ್ನೊಂದ್ಸಲ ಸಾಯ್ಲಾ ಬೆಳ್ಳೂರು!"

ನಗು ಶಾಮಿಯಾನದ ತುದಿಯವರೆಗೂ ಹೋಯಿತು. ಮೇಷ್ಟ್ರು ಸಾವಿನ ರಾಗವನ್ನು ಮತ್ತೆ ಮೊದಲಿಂದ ಹಿಡಿದರು. ಚಲುವರಾಜು ಎದ್ದ. ಜನ ಚಪ್ಪಾಳೆ ಹೊಡೆದರು. ಅವನು ಕಠಾರಿ ಎತ್ತಿಕೊಳ್ಳದೆ ಮೈಕಿನ ಹತ್ತಿರ ಬಂದ.

"ಒಂದ್ಸಲ ಸತ್ತಿವ್ನಿ, ಸಾಕು. ಯಜಮಾನ್ರೆ, ಶಾಲು ತನ್ನಿ."

ನಂಜಪ್ಪ ಶಾಲು ಹಿಡಿದೇ ವೇದಿಕೆಯ ಪಕ್ಕದಲ್ಲಿ ನಿಂತಿದ್ದ. ಅದನ್ನು ಕಂಕುಳಿಗೆ ಸೇರಿಸಿಕೊಂಡ. "ಜನ ಕೇಳ್ತಾವ್ರೆ ಕಣ್ಲಾ. ಊರು ಹೇಳ್ದಂಗೆ ಸಾಯ್ದೆ ಇರೋನ್ಗೆ ಎಂಥ ಶಾಲ್ಲಾ?"

"ಸಾಯ್ಲಾ, ಲೇ!" ಒಂದು ನೀರಿನ ಬಾಟಲಿ ಬಂದು ಅವನ ಭುಜಕ್ಕೆ ಬಿತ್ತು. "ಸಾಯ್ಲಾ! ಸಾಯ್ಲಾ!" ಮಕ್ಕಳು ಕೂಡ ತಾಳ ಹಾಕಿ ಕೂಗಿದವು. ಅವನು ಹೆಂಡತಿಯ ಕಡೆ ನೋಡಿದ. ಪ್ರೇಮಮ್ಮ ಎದ್ದು ನಿಂತಳು. ಊರೆಲ್ಲ ಅವಳತ್ತ ತಿರುಗಿತು.

"ಅದೇನ್ ಸಾಯ್ಬೇಕೋ ಸತ್ತುಬುಡಿ ಅತ್ಲಾಗೆ," ಅಂದಳು. "ಜನ ನೋಡ್ತಾವ್ರೆ."

ಚಲುವರಾಜು ಕಿರೀಟ ತೆಗೆದು ಕೆಳಗಿಟ್ಟ. ವೇದಿಕೆ ಇಳಿದು ಜನರ ನಡುವೆಯೇ ಹೊರಟ. ದಾರಿ ಬಿಡಲು ಒಬ್ಬನೂ ಕಾಲು ಮಡಚಲಿಲ್ಲ. ದಾಟಿಕೊಂಡು, ಎಡವಿಕೊಂಡು ಹೋದ. ನಾಲೆಯ ಏರಿ ಹತ್ತಿ ಬಸ್ಸಿನ ರಸ್ತೆಯ ಕಡೆ ತಿರುಗಿದಾಗ ಹಿಂದಿನಿಂದ ಹಾರ್ಮೋನಿಯಂ ಮತ್ತೆ ಕೇಳಿಸಿತು. ನಾಟಕ ಅರ್ಧಕ್ಕೆ ನಿಂತರೆ ಊರಿಗೆ ಕೇಡು ಅಂತ ನಂಜಪ್ಪ ಮೈಕಿನಲ್ಲಿ ಹೇಳುತ್ತಿದ್ದ. ಸೇನಾಪತಿಯ ಸಾವನ್ನು ಚಿಕ್ಕಸ್ವಾಮಿಯೇ ಸಾಯುತ್ತಾನಂತೆ.

ಚಲುವರಾಜು ಏರಿಯ ಮೇಲೆ ನಿಂತುಬಿಟ್ಟ. "ನಾನೂ ಈ ಮಣ್ಣಿನವನೇ," ಅಂತ ಚಿಕ್ಕಸ್ವಾಮಿ ಕೂಗಿದ್ದು ಗದ್ದೆಬಯಲಿಗೆಲ್ಲ ಕೇಳಿತು. ಆಮೇಲೆ ಹೆಂಗಸರ ಅಳು ಕೇಳಿತು. ಅದರೊಳಗೆ ಪ್ರೇಮಮ್ಮನ ಅಳುವನ್ನು ಅವನು ಗುರುತು ಹಿಡಿದ. ಒನ್ಸ್ ಮೋರ್ ಅನ್ನುತ್ತಾರೇನೋ ಅಂತ ಕಾದ, ಬಹಳ ಹೊತ್ತು ಕಾದ. ಯಾರೂ ಅನ್ನಲಿಲ್ಲ. ತಮ್ಮವನು ಎರಡು ಸಲ ಸಾಯುವುದನ್ನು ಆ ಊರಿಗೆ ನೋಡಲಾಗುತ್ತಿರಲಿಲ್ಲ.